ಚಾಪೆಲ್ ಬಾಗಿಲಲ್ಲಿ ಬಿಚ್ಚಿಸಿದ ಬೂಟು

ಕಾರವಾರದ ಹಳೆಯ ಕ್ರೈಸ್ತ ಸ್ಮಶಾನದಲ್ಲೊಂದು ಕಲ್ಲಿನ ಚಾಪೆಲ್ ಇದೆ. ಆಸ್ಪತ್ರೆಯಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ತೀರಿಕೊಂಡಾಗ, ಕೊನೆಯ ಪ್ರಾರ್ಥನೆಗೆಂದು ನಾನೂ ನನ್ನ ನರ್ಸುಗಳೂ ಶವಪೆಟ್ಟಿಗೆಯನ್ನು ಅಲ್ಲಿಗೆ ಒಯ್ದೆವು. ಬಾಗಿಲಲ್ಲಿ ಕಾವಲುಗಾರ ಅಡ್ಡ ನಿಂತ.

“ಬೂಟು ಬಿಚ್ಚಿ ಒಳಗೆ ಬನ್ನಿ ಬಾಯೋರೆ.”

ಪೆಟ್ಟಿಗೆ ಹೊತ್ತವರು ಬಿಸಿಲಲ್ಲಿ ಬೆವರುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ನಾನು ಓದಿದ ಕಾನ್ವೆಂಟಿನಲ್ಲಿ ಬೂಟಿಗೆ ಪಾಲಿಶ್ ಇಲ್ಲದಿದ್ದರೆ ಇಗರ್ಜಿಯ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ.

“ಇದು ಯಾರು ಮಾಡಿದ ನಿಯಮ? ನೀನೇನು ಕ್ರಿಶ್ಚಿಯನ್ನನೇ?”

“ಅಲ್ರಾ, ನಾನು ಅಂಕೋಲೆ ಬದಿಯ ಮೀನುಗಾರರ ಪೈಕಿ. ನಿಯಮ ನಂದೇ, ದಿನಾ ನೆಲ ಒರೆಸೂದೂ ನಾನೇ. ನಮ್ಮ ದೇವ್ರ ಮುಂದೆ ಮೆಟ್ಟು ಹಾಕೂದಿಲ್ಲ. ನಿಮ್ಮ ದೇವ್ರಿಗೆ ಯಾಕೆ ಕಮ್ಮಿ ಮಾಡೂದು?”

“ನನ್ನ ದೇವರ ಮರ್ಯಾದೆ ನನಗೇ ಕಲಿಸಬೇಡ!”

ಪ್ರಾರ್ಥನೆ ನಡೆಸಲು ಬಂದಿದ್ದ ಫಾದರ್ ಆದರೂ ಅವನನ್ನು ಗದರಿಸಲೆಂದು ಅವರತ್ತ ತಿರುಗಿದೆ. ಅವರು ಆಗಲೇ ಬರಿಗಾಲಲ್ಲಿ ಒಳಗೆ ಮೇಣದಬತ್ತಿ ಹಚ್ಚುತ್ತಿದ್ದರು. ಪೆಟ್ಟಿಗೆ ಹೊತ್ತವರೂ ನರ್ಸುಗಳೂ ಚಪ್ಪಲಿ ಕಳಚಿ ಒಳಹೊಕ್ಕರು.

ಸಿಸ್ಟರನ್ನು ಕಾಯಿಸಬಾರದೆಂದು ನಾನೂ ಬಿಚ್ಚಿದೆ. ದಿನಾ ಬೆಳಿಗ್ಗೆ ನರ್ಸುಗಳ ಕಾಲುಚೀಲ ತಪಾಸಣೆ ಮಾಡುವ ಮೇಟ್ರನ್ ಆದ ನನ್ನದೇ ಹೆಬ್ಬೆರಳು ಕಾಲುಚೀಲದ ತೂತಿನಿಂದ ಹೊರಗಿಣುಕುತ್ತಿತ್ತು. ನನ್ನ ನರ್ಸುಗಳೆಲ್ಲ ತಲೆ ತಗ್ಗಿಸಿ ಪ್ರಾರ್ಥಿಸುತ್ತಿದ್ದರು. ಅಷ್ಟು ಭಕ್ತಿಯಿಂದ ಅವರು ನೆಲ ನೋಡಿದ್ದನ್ನು ನಾನು ಮತ್ತೆಂದೂ ಕಂಡಿಲ್ಲ.