ಹವ್ಯಾಸದ ಕಾಲಂ ಖಾಲಿ ಬಿಡುವಂತಿಲ್ಲ

ಜೂನ್ 9, ಸೋಮವಾರ, ಬೆಳಿಗ್ಗೆ 8 ಗಂಟೆ 5 ನಿಮಿಷ. ಆಫೀಸಿನವರು ಕೈಗೆ ಕೊಟ್ಟ ಫೋನಿನಲ್ಲಿ ಒಬ್ಬ ಅಪರಿಚಿತ ಗಂಡಸು ನನಗೆ ಸೆಲ್ಯೂಟ್ ಹೊಡೆದ. ಅವನ ಹಿಂದೆಯೇ ಇನ್ನೊಬ್ಬ. ಎಂಟೂವರೆಯ ಹೊತ್ತಿಗೆ ಅರವತ್ತೊಂದು ಸೆಲ್ಯೂಟ್ ಬಂದಿದ್ದವು. ಬರಬೇಕಾದದ್ದು ಅರವತ್ತನಾಲ್ಕು. ಬಾರದ ಮೂವರಿಗೆ ಫೋನ್ ಮಾಡಿ, ಯಾಕೆ ಸೆಲ್ಯೂಟ್ ಹೊಡೆದಿಲ್ಲ ಎಂದು ಕೇಳುವುದೇ ಬೆಂಗಳೂರಿನಲ್ಲಿ ನಾನು ಮಾಡಿದ ಮೊದಲ ಕೆಲಸ. ಕುಷ್ಟಗಿ ಕಡೆಯ ನಮ್ಮೂರಿನಲ್ಲಿ ನಾನು ಸೆಲ್ಯೂಟ್ ನೋಡಿದ್ದು ಶಾಲೆಯ ಧ್ವಜದ ಕಟ್ಟೆಯ ಮುಂದೆ, ವರ್ಷಕ್ಕೆ ಎರಡು ಸಲ. ಇಲ್ಲಿ ದಿನಕ್ಕೆ ಅರವತ್ತನಾಲ್ಕು.

ನಾನು ಕೆಲಸ ಮಾಡುವುದು ಕಟ್ಟಡಗಳಿಗೆ ಕಾವಲುಗಾರರನ್ನು ಒದಗಿಸುವ ಒಂದು ಸಣ್ಣ ಕಂಪನಿಯಲ್ಲಿ. ಗೋವಿಂದರಾಜನಗರದಲ್ಲಿ ಪ್ಲೈವುಡ್ ಅಂಗಡಿಯ ಮೇಲಿನ ಎರಡನೇ ಮಹಡಿ. ಕೆಳಗೆ ಹಲಗೆ ಕೊಯ್ಯುವ ಸದ್ದು, ಮೇಲೆ ಫೋನಿನ ಸದ್ದು. ಹಗಲು ಪಾಳಿಯವರು ಬಂದೆವು ಎಂದೂ ರಾತ್ರಿ ಪಾಳಿಯವರು ಹೋದೆವು ಎಂದೂ ಸಮವಸ್ತ್ರದಲ್ಲಿ ಸೆಲ್ಯೂಟ್ ಹೊಡೆಯುವ ಫೋಟೋ ಕಳಿಸಬೇಕು. ನಾನು ಗುರುತು ಹಾಕಬೇಕು. ಇದಕ್ಕೆ ಡಾಕ್ಯುಮೆಂಟೇಶನ್ ಎಕ್ಸಿಕ್ಯೂಟಿವ್ ಎಂದು ಹೆಸರು. ಅವ್ವನಿಗೆ ಈ ಹೆಸರನ್ನು ಫೋನಿನಲ್ಲಿ ನಾಲ್ಕು ಸಲ ಹೇಳಿದೆ. ಐದನೆಯ ಸಲ, "ಹಾಜರಿ ಹಾಕೋದು" ಎಂದೆ. ಅರ್ಥವಾಯಿತು.

ವಸತಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪಿ.ಜಿ.ಯಲ್ಲಿ ಒಂದು ಕೋಣೆಗೆ ಮೂವರು, ಕಿಟಕಿ ಒಂದು, ಅದರಾಚೆ ಪಕ್ಕದ ಮನೆಯ ಗೋಡೆ. ಅವ್ವ ಕಟ್ಟಿ ಕಳಿಸಿದ ಕಟಕ ಜೋಳದ ರೊಟ್ಟಿಯನ್ನು ಪಿ.ಜಿ. ಆಂಟಿ ಎತ್ತಿ ನೋಡಿ, ಇದನ್ನು ಕರಿಯೋದು ಎಷ್ಟೊತ್ತು ಎಂದು ಕೇಳಿದರು. ಹಪ್ಪಳ ಎಂದುಕೊಂಡಿದ್ದರು. ಸಾಂಬಾರಿಗೆ ಬೆಲ್ಲ ಹಾಕುವುದನ್ನು ನಾನು ಹನ್ನೆರಡು ದಿನ ಪ್ರತಿಭಟಿಸಿ ಹದಿಮೂರನೆಯ ದಿನ ತಿಂದೆ. ಮಾತಿನ ವಿಷಯದಲ್ಲೂ ಹಾಗೆಯೇ. "ಹೌದ್ರಿ" ಎಂದಾಗಲೆಲ್ಲ ಆಫೀಸಿನವರು ಅದನ್ನೇ ಎಳೆದು ತಿರುಗಿ ಹೇಳುತ್ತಿದ್ದರು. ಜುಲೈ ಮುಗಿಯುವಷ್ಟರಲ್ಲಿ "ಹೂಂ ಸಾರ್", "ಬರ್ತೀನಿ ಸಾರ್" ಎನ್ನಲು ಕಲಿತೆ. ಆದರೆ ಫೋನಿನಲ್ಲಿ ನಮ್ಮ ಕಡೆಯ ಕಾವಲುಗಾರರು ಒಂದೇ ಮಾತಿಗೆ ನನ್ನನ್ನು ಗುರುತಿಸಿ, "ಅಕ್ಕಾರ, ನಿಮ್ಮದು ಯಾವೂರ್ರಿ?" ಎನ್ನುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ.

ಜುಲೈ 14ರಂದು ಕಂಪನಿಗೆ ಹೊಸ ಸಾಫ್ಟ್‌ವೇರ್ ಬಂತು. ಪ್ರತಿ ಕಾವಲುಗಾರನ ವಿವರ ತುಂಬಬೇಕು. ಹೆಸರು, ಊರು, ರಕ್ತದ ಗುಂಪು, ಪೊಲೀಸ್ ತಪಾಸಣೆ ಎಲ್ಲ ನನ್ನ ಬಳಿ ಇದ್ದವು. ಕೊನೆಯಲ್ಲಿ ಒಂದು ಕಾಲಂ: ಹವ್ಯಾಸ. ಬರೆಯುವಂತಿಲ್ಲ, ಅದು ಕೊಟ್ಟ ಎಂಟರಲ್ಲಿ ಒಂದನ್ನು ಆರಿಸಬೇಕು: ಓದು, ಸಂಗೀತ, ಕ್ರಿಕೆಟ್, ಚೆಸ್, ಈಜು, ಚಿತ್ರಕಲೆ, ಚಾರಣ, ಛಾಯಾಗ್ರಹಣ. ಇತರೆ ಎಂಬುದು ಇರಲಿಲ್ಲ. ಖಾಲಿ ಬಿಟ್ಟರೆ ಕೆಂಪು ಗೆರೆ ಬಂದು ಮುಂದಕ್ಕೆ ಹೋಗುತ್ತಿರಲಿಲ್ಲ. ನಮ್ಮ ಮ್ಯಾನೇಜರ್ ಶಿವಣ್ಣ ಸಾರ್ ಅವರನ್ನು ಕೇಳಿದೆ. ಅವರ ಎರಡು ಕಿವಿಗೂ ಒಂದೊಂದು ಫೋನ್ ಇತ್ತು.

"ಏನಾದ್ರೂ ಹಾಕಮ್ಮಾ," ಎಂದರು. "ಸಂಜೆಯೊಳಗೆ ಮುಗೀಬೇಕು."

ಏನಾದರೂ ಹಾಕುವುದು ನನ್ನ ಸ್ವಭಾವವಲ್ಲ. ಅರವತ್ತನಾಲ್ಕನ್ನು ಎಂಟರಿಂದ ಭಾಗಿಸಿದರೆ ಸರಿಯಾಗಿ ಎಂಟು. ಕ್ರಮಸಂಖ್ಯೆಯ ಪ್ರಕಾರ ಹಂಚಿದೆ: ಒಂದನೆಯವರಿಗೆ ಓದು, ಎರಡನೆಯವರಿಗೆ ಸಂಗೀತ, ಎಂಟರ ನಂತರ ಮತ್ತೆ ಓದಿನಿಂದ. ಯಾರಿಗೂ ಪಕ್ಷಪಾತವಿಲ್ಲ. ಅಂದಿನ ದಿನಚರಿಯಲ್ಲಿ, "ಹವ್ಯಾಸ ಹಂಚಿಕೆ ಮುಗಿಯಿತು, ಸಂಜೆ 5.20" ಎಂದು ಬರೆದು ಸಮಾಧಾನದಿಂದ ಮಲಗಿದೆ. ಮೊಣಕಾಲು ನೋವಿನ ಹಿರಿಯರೊಬ್ಬರಿಗೆ ಚಾರಣ ಬಂದಿತ್ತು. ಅದು ಕಾಗದದ ಮೇಲೆ ತಾನೇ ಎಂದುಕೊಂಡಿದ್ದೆ.

ಕಾಗದ ಕಾಗದವಾಗಿ ಉಳಿಯಲಿಲ್ಲ. ಆಗಸ್ಟ್ 1ರಿಂದ ಕಂಪನಿ ಪ್ರತಿ ಕಟ್ಟಡದ ಗೇಟಿನಲ್ಲೂ ಒಂದು ಬೋರ್ಡ್ ಹಾಕಿತು: ನಿಮ್ಮ ಕಾವಲುಗಾರರನ್ನು ಪರಿಚಯಿಸಿಕೊಳ್ಳಿ. ಫೋಟೋ, ಹೆಸರು, ಕೆಳಗೆ ಹವ್ಯಾಸ. ಕಟ್ಟಡದವರಿಗೆ ನಮ್ಮವರ ಮೇಲೆ ಆತ್ಮೀಯತೆ ಮೂಡಲಿ ಎಂದು ಯೋಚನೆ.

ಕ್ರಮಸಂಖ್ಯೆ 28, ಮಲ್ಲಪ್ಪ. ಲಿಂಗಸೂರು ಕಡೆಯವರು, ಐವತ್ತೆರಡು ವರ್ಷ. ಮೂರು ವರ್ಷದಿಂದ ಬಸವೇಶ್ವರನಗರದ ಮೂವತ್ತಾರು ಮನೆಗಳ ಒಂದು ಅಪಾರ್ಟ್‌ಮೆಂಟಿನಲ್ಲಿ ಹಗಲು ಪಾಳಿ. ಹೆಂಡತಿ ಕಾಮಾಕ್ಷಿಪಾಳ್ಯದ ಗಾರ್ಮೆಂಟಿನಲ್ಲಿ ಕೆಲಸ ಮಾಡುತ್ತಾರೆ, ಮನೆಯೂ ಅಲ್ಲೇ. ನಡೆದೇ ಕೆಲಸಕ್ಕೆ ಬರುತ್ತಾರೆ. ಲೆಕ್ಕದ ಪ್ರಕಾರ ಅವರಿಗೆ ಬಂದದ್ದು ಚೆಸ್.

ಆ ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರು ನಿವೃತ್ತ ಬ್ಯಾಂಕ್ ಅಧಿಕಾರಿ. ಅವರಿಗೆ ಚೆಸ್ ಎಂದರೆ ಪ್ರಾಣ, ಜೊತೆಗೆ ಆಡುವವರು ಯಾರೂ ಇರಲಿಲ್ಲ. ಆಗಸ್ಟ್ 6ರ ಮಧ್ಯಾಹ್ನ ಮೂರಕ್ಕೆ ಅವರು ಹಲಗೆ ಹಿಡಿದು ಕೆಳಗಿಳಿದು ಬಂದು, ಗೇಟಿನ ಪಕ್ಕ ಎರಡು ಕುರ್ಚಿ ಹಾಕಿಸಿದರು. ಆಮೇಲೆ ಕೆಲಸದ ದಿನಗಳಲ್ಲಿ ಹೆಚ್ಚುಕಡಿಮೆ ಪ್ರತಿದಿನ, ಮೂರರಿಂದ ಮೂರೂಮುಕ್ಕಾಲು. ನನಗೆ ಇದು ಒಂದೂ ಗೊತ್ತಿರಲಿಲ್ಲ. ನಾನು ಬೆಳಗಿನ ಸೆಲ್ಯೂಟಿಗೆ ಗುರುತು ಹಾಕುತ್ತಿದ್ದೆ.

ಸೆಪ್ಟೆಂಬರ್ 18, ಗುರುವಾರ, ಮಧ್ಯಾಹ್ನ 3.35. ಆ ಅಪಾರ್ಟ್‌ಮೆಂಟಿನ ನಿವಾಸಿಯೊಬ್ಬರು ಕಾರಿನಲ್ಲಿ ಬಂದು ಎರಡು ಸಲ ಹಾರ್ನ್ ಮಾಡಿದರು. ಗೇಟು ತೆರೆಯಲಿಲ್ಲ. ಅವರು ಕಾರಿನ ಕಿಟಕಿಯಿಂದಲೇ ಫೋಟೋ ತೆಗೆದು ಸಂಘದ ವಾಟ್ಸಾಪ್ ಗುಂಪಿಗೂ ನಮ್ಮ ಆಫೀಸಿಗೂ ಹಾಕಿದರು. ಫೋಟೋದಲ್ಲಿ ಮಲ್ಲಪ್ಪ ಗದ್ದಕ್ಕೆ ಕೈ ಕೊಟ್ಟು ಚೆಸ್ ಹಲಗೆಯ ಮೇಲೆ ಬಾಗಿದ್ದಾರೆ. ಎದುರಿಗಿದ್ದವರನ್ನು ಕಂಬ ಮರೆಮಾಡಿದೆ. ಒಂದು ಮೊಣಕೈ ಮಾತ್ರ ಕಾಣುತ್ತದೆ. ಗುಂಪಿನಲ್ಲಿ ನಲವತ್ತೊಂದು ಸಂದೇಶ ಬಂದವು. ಮೊಣಕೈ ಯಾರದೆಂದು ಒಬ್ಬರೂ ಕೇಳಲಿಲ್ಲ, ಮೊಣಕೈಯವರೂ ಹೇಳಲಿಲ್ಲ. ಡ್ಯೂಟಿಯಲ್ಲಿ ಆಟ ಆಡಬಾರದು ಎಂಬುದು ಸಂಘದ ಹನ್ನೊಂದನೆಯ ನಿಯಮ. ಮಲ್ಲಪ್ಪನನ್ನು ಸೋಮವಾರದಿಂದ ಆ ಪಾಯಿಂಟಿನಿಂದ ತೆಗೆದು ರಿಲೀವರ್ ಮಾಡುವುದೆಂದು ಸಂಜೆಯೊಳಗೆ ತೀರ್ಮಾನವಾಯಿತು.

ಪಾಯಿಂಟ್ ಎಂದರೆ ಕಾವಲುಗಾರನಿಗೆ ಗೊತ್ತುಮಾಡಿದ ಗೇಟು. ರಿಲೀವರ್ ಎಂದರೆ ಗೇಟೇ ಇಲ್ಲದವನು. ಬೆಳಿಗ್ಗೆ ಐದಕ್ಕೆ ಫೋನ್ ಬರುತ್ತದೆ, ಯಾರು ರಜೆಯೋ ಅವರ ಜಾಗಕ್ಕೆ ಹೋಗಬೇಕು. ಇವತ್ತು ಕೆಂಗೇರಿ, ನಾಳೆ ಶ್ರೀಗಂಧದ ಕಾವಲ್, ನಾಡಿದ್ದು ಎಲ್ಲಿಯೂ ಇಲ್ಲ. ಊರು ಬಿಟ್ಟು ಬಂದವನಿಗೆ ಇಲ್ಲಿ ಸಿಕ್ಕುವ ಸ್ಥಿರವಾದದ್ದು ಒಂದೇ, ಆ ಗೇಟು. ಅದೂ ಹೋದರೆ ಎರಡನೆಯ ಸಲ ಊರು ಬಿಟ್ಟಂತೆ.

ನಾನು ಮಲ್ಲಪ್ಪನಿಗೆ ಫೋನ್ ಮಾಡಿ, ಚೆಸ್ ಬರುವುದಿಲ್ಲ ಎಂದು ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ಬೋರ್ಡಿನ ಮ್ಯಾಲೆ ಕಂಪನಿಯವರ ಬರದಾರಲ್ರಿ ಅಕ್ಕಾರ," ಎಂದರು. "ಇಲ್ಲ ಅಂದ್ರ, ಸುಳ್ಳು ಹೇಳಿ ಕೆಲಸಕ್ಕ ಸೇರೀನಿ ಅಂದಂಗ ಆಗತೈತಿ. ಭಾಳ ವರ್ಷ ಆತು, ಮರತೀನಿ ಅಂದೆ. ಅವರು ಕುದರಿ ಹೆಂಗ ನಡಸಿದ್ರೋ ನಾನೂ ಹಂಗ ನಡಸಿದೆ."

ಇಪ್ಪತ್ತೈದು ಆಟ ಸತತವಾಗಿ ಸೋತಿದ್ದರಂತೆ. ಮತ್ತೆ ಆ ದಿನ ಹಾರ್ನ್ ಯಾಕೆ ಕೇಳಲಿಲ್ಲ ಎಂದೆ. "ಅವತ್ತ ಗೆಲ್ಲಾಕ ಹತ್ತಿದ್ನಿರಿ," ಎಂದರು.

ಶುಕ್ರವಾರ ಬೆಳಿಗ್ಗೆ ಜುಲೈ 14ರ ಪುಟ ತೆರೆದು ದಿನಚರಿಯನ್ನು ಶಿವಣ್ಣ ಸಾರ್ ಅವರ ಮೇಜಿನ ಮೇಲಿಟ್ಟೆ. ತಪ್ಪು ಮಲ್ಲಪ್ಪನದಲ್ಲ, ನನ್ನದು ಎಂದೆ. ಅವರು ಪುಟವನ್ನು ಎರಡು ಸಲ ಓದಿದರು.

"ನಾನು ಏನಾದ್ರೂ ಹಾಕು ಅಂದೆ. ಚೆಸ್ ಹಾಕು ಅಂದ್ನಾ?"

"ಇಲ್ಲ ಸಾರ್. ಕ್ರಮಸಂಖ್ಯೆ ಪ್ರಕಾರ..."

"ಮುಚ್ಚಮ್ಮಾ ಆ ಬುಕ್ಕು. ಹವ್ಯಾಸ ಸುಳ್ಳು ಅಂತ ಗೊತ್ತಾದ್ರೆ, ಪೊಲೀಸ್ ವೆರಿಫಿಕೇಶನ್ನೂ ನೀವೇ ಬರ್ಕೊಂಡ್ರಾ ಅಂತ ಕೇಳ್ತಾರೆ. ಏನ್ ಹೇಳ್ಲಿ? ಒಬ್ಬನ್ನ ಉಳ್ಸೋಕೆ ಹೋಗಿ ಅರವತ್ತನಾಲ್ಕೂ ಪಾಯಿಂಟ್ ಕಳ್ಕೊಳ್ಳೋಣ್ವಾ?"

ಮಾತು ತಪ್ಪು ಎನ್ನುವಂತಿರಲಿಲ್ಲ. ಅದೇ ನನ್ನನ್ನು ಹೆಚ್ಚು ರೇಗಿಸಿತು. ಮರುದಿನ ಶನಿವಾರ, ಎಂದಿನಂತೆ ನಾಲ್ಕರಿಂದ ಐದು ಫನ್ ಅವರ್. ಸಿಬ್ಬಂದಿಯ ಉಲ್ಲಾಸಕ್ಕಾಗಿ ಕಂಪನಿ ಇಟ್ಟ ಗಂಟೆ. ನಾನು ಸೇರಿದ ಮೇಲೆ ಅದು ಹದಿನೈದನೆಯದು. ಅದರಲ್ಲಿ ಹನ್ನೊಂದು ಅಂತ್ಯಾಕ್ಷರಿ. ಐದು ಜನ ಗೋಡೆ ಗಡಿಯಾರ ನೋಡುತ್ತ ಹಾಡುತ್ತೇವೆ, ಶಿವಣ್ಣ ಸಾರ್ ಫೋನಿನಲ್ಲಿ ರಿಲೀವರ್ ಹುಡುಕುತ್ತಿರುತ್ತಾರೆ. ಹಿಂದೊಮ್ಮೆ ಇದೇ ಗಂಟೆಯಲ್ಲಿ ಎಲ್ಲರ ಹವ್ಯಾಸ ಕೇಳಿದಾಗ ನಾನು ದಿನಚರಿ ಬರೆಯುವುದು ಎಂದಿದ್ದೆ. "ಅದು ಹವ್ಯಾಸ ಅಲ್ಲ ಕಣೇ, ಹೋಂವರ್ಕು," ಎಂದು ಅಕೌಂಟ್ಸ್ ಹುಡುಗಿ ನಕ್ಕಿದ್ದಳು. ಆ ಶನಿವಾರ ನನ್ನ ಸರದಿ ಬಂದಾಗ ಒಂದು ಹಾಡೂ ನೆನಪಾಗಲಿಲ್ಲ.

ಸೆಪ್ಟೆಂಬರ್ 21, ಭಾನುವಾರ, ಬೆಳಿಗ್ಗೆ 10.15ಕ್ಕೆ ಯಾರಿಗೂ ಹೇಳದೆ ಬಸವೇಶ್ವರನಗರಕ್ಕೆ ಹೋಗಿ ಅಧ್ಯಕ್ಷರ ಮನೆಯ ಗಂಟೆ ಒತ್ತಿದೆ. ಊಟದ ಮೇಜಿನ ಮೇಲೆ ಚೆಸ್ ಹಲಗೆ ಇತ್ತು. ಕಾಯಿಗಳು ಅರ್ಧ ಆಟದಲ್ಲಿ ನಿಂತಿದ್ದವು. ಯಾರೂ ಮುಟ್ಟಬಾರದೆಂದು ಅವರು ಮನೆಯವರಿಗೆ ಹೇಳಿದ್ದರಂತೆ; ಪಾಪ, ಅವರೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಮಲ್ಲಪ್ಪನಿಗೆ ಚೆಸ್ ಗೊತ್ತೇ ಇರಲಿಲ್ಲ, ನಾನೇ ಹಾಕಿದ್ದು ಎಂದೆ. ಅವರು ನಂಬಲಿಲ್ಲ.

"ಆಡೋಕೆ ಬರದೇ ಇರೋನು ನನ್ನ ಕ್ವೀನ್ ಹೊಡೀತಾನೇನಮ್ಮಾ? ನೋಡಿಲ್ಲಿ."

ನಾನು ದಿನಚರಿ ತೋರಿಸಿದೆ. ಅವರು ಒಳಗೆ ಹೋಗಿ ತಮ್ಮದೊಂದು ನೋಟ್‌ಬುಕ್ ತಂದರು. ದಿನಾಂಕ, ಆಟದ ಸಂಖ್ಯೆ, ಫಲಿತಾಂಶ. ಇಪ್ಪತ್ತೈದೂ ಆಟಗಳ ಎದುರಿಗೆ ಗೆಲುವು ಎಂದಿತ್ತು. ಇಪ್ಪತ್ತಾರನೆಯದರ ಎದುರಿಗೆ ಖಾಲಿ. ಬೆಂಗಳೂರಿಗೆ ಬಂದು ಮೂರೂವರೆ ತಿಂಗಳಲ್ಲಿ ನನ್ನಂಥ ಇನ್ನೊಬ್ಬರನ್ನು ಕಂಡದ್ದು ಅದೇ ಮೊದಲು. ಇಂಥವರ ಎದುರಿಗೆ ಇಷ್ಟು ಸಿಟ್ಟು ಇಟ್ಟುಕೊಂಡು ಕೂತಿದ್ದೇನಲ್ಲ ಎನ್ನಿಸಿತು. ಆದರೂ ಕೇಳಲೇಬೇಕಿತ್ತು. ಕೇಳುವಾಗ, ಕಲಿತ ಬೆಂಗಳೂರು ಮಾತು ಒಂದೂ ಬಾಯಿಗೆ ಬರಲಿಲ್ಲ.

"ಫೋಟೋದಾಗಿನ ಮೊಣಕೈ ನಿಮ್ಮದ ಅಲ್ಲೇನ್ರಿ, ಸರ?"

ಅವರು ನೋಟ್‌ಬುಕ್ ಮುಚ್ಚಿಟ್ಟರು. "ಹನ್ನೊಂದನೇ ರೂಲ್ ನಾನೇ ಬರ್ದಿದ್ದು ಕಣಮ್ಮಾ," ಎಂದರು.

ನಾನು ಎದ್ದು ಬಂದೆ. ಕೆಲಸ ಹೋಯಿತು, ಮಲ್ಲಪ್ಪನದೂ ನನ್ನದೂ, ಎಂದುಕೊಂಡೆ. ಸಂಜೆ 7.10ಕ್ಕೆ ಶಿವಣ್ಣ ಸಾರ್ ಒಂದು ಸಂದೇಶವನ್ನು ನನಗೆ ದಾಟಿಸಿದರು. ಅಧ್ಯಕ್ಷರು ಗುಂಪಿನಲ್ಲಿ ಹಾಕಿದ್ದರು: "ಆ ಮೊಣಕೈ ನನ್ನದು. ಕಾವಲುಗಾರರನ್ನು ಕೂರಿಸಿಕೊಂಡವನು ನಾನು. ನಿಯಮ ಮುರಿದವನೂ ನಾನೇ." ಬೋರ್ಡಿನ ಬಗ್ಗೆಯಾಗಲಿ ನನ್ನ ಬಗ್ಗೆಯಾಗಲಿ ಒಂದು ಮಾತೂ ಇರಲಿಲ್ಲ.

ಮಲ್ಲಪ್ಪನಿಗೆ ಗೇಟು ಉಳಿಯಿತು. ಆಟ ನಿಂತಿತು. ಅಧ್ಯಕ್ಷರು ಈಗ ಗೇಟು ದಾಟುವಾಗ ತಲೆಯಾಡಿಸುತ್ತಾರೆ, ಇವರು ಸೆಲ್ಯೂಟ್ ಹೊಡೆಯುತ್ತಾರೆ, ಅಷ್ಟೇ. ನನಗೆ ಶಿವಣ್ಣ ಸಾರ್ ಶಿಕ್ಷೆ ಕೊಟ್ಟರು: ಪ್ರತಿಯೊಬ್ಬ ಕಾವಲುಗಾರನ ಬಳಿ ಹೋಗಿ ನಿಜವಾದ ಹವ್ಯಾಸ ಕೇಳಿ ಸಹಿ ಪಡೆಯಬೇಕು. ಶನಿವಾರದ ಫನ್ ಅವರ್‌ನಲ್ಲೇ ಹೋಗಲು ಅನುಮತಿ ಕೇಳಿ ಪಡೆದೆ. ಬೆಂಗಳೂರಿನಲ್ಲಿ ನನ್ನ ದೊಡ್ಡ ಗೆಲುವು ಅದು.

ಮೊದಲು ಹೋದದ್ದು ಮಲ್ಲಪ್ಪನ ಬಳಿ. ಹವ್ಯಾಸ ಎಂದರೇನೆಂದು ಕೇಳಿದರು. ಯಾರೂ ಹೇಳದಿದ್ದರೂ, ದುಡ್ಡು ಬಾರದಿದ್ದರೂ ಮಾಡುವ ಕೆಲಸ ಎಂದೆ. ಊರಿನಲ್ಲಿದ್ದಾಗ ಕಾರಹುಣ್ಣಿಮೆ ಹತ್ತಿರ ಬಂದರೆ ಓಣಿಯ ಎತ್ತುಗಳನ್ನೆಲ್ಲ ಇವರ ಹತ್ತಿರವೇ ತರುತ್ತಿದ್ದರಂತೆ, ಕೋಡು ಹೆರೆದು ನುಣುಪು ಮಾಡಲು. ಗಾಜಿನ ಚೂರಿನಿಂದ ಮೆಲ್ಲಗೆ ಹೆರೆಯಬೇಕು, ಎತ್ತು ನಂಬಬೇಕು ಎಂದು ಕೈಯಲ್ಲೇ ತೋರಿಸಿದರು. ತೋರಿಸುವಾಗ ಅವರ ಎದುರಿಗೆ ಎತ್ತು ಇದ್ದಂತೆಯೇ ಇತ್ತು. ನಾನು ಬರೆದುಕೊಂಡೆ. ಸಾಫ್ಟ್‌ವೇರಿನಲ್ಲಿ ಇದಕ್ಕೆ ಜಾಗವಿಲ್ಲ, ಆದರೂ ಚೆಸ್ ಹೊಡೆದುಹಾಕುತ್ತೇನೆ ಎಂದೆ.

"ಅದನ್ನ ತೆಗೀಬ್ಯಾಡ್ರಿ ಅಕ್ಕಾರ," ಎಂದರು. "ಒಂದಾಟ ಬಾಕಿ ಐತಿ."

ಇವತ್ತಿಗೆ, ನವೆಂಬರ್ 16, ಐವತ್ತೆರಡು ಜನ ಉತ್ತರ ಕೊಟ್ಟಿದ್ದಾರೆ. ನಿದ್ದೆ ಎಂದವರು ಹತ್ತೊಂಬತ್ತು. ಮೊಬೈಲ್ ಎಂದವರು ಹದಿಮೂರು. ರಾಶಿ ಕಣದ ಹಂತಿ ಪದ ಹಾಡುವವರು ಇಬ್ಬರು, ಇಬ್ಬರಿಗೂ ನಾನು ಈಜು ಹಾಕಿದ್ದೆ. ಉಳಿದವರದ್ದು ಒಬ್ಬೊಬ್ಬರದ್ದು ಒಂದೊಂದು. ಮೂವರು ಹೇಳಲು ಒಪ್ಪಲಿಲ್ಲ. ನನ್ನ ಕ್ರಮಸಂಖ್ಯೆ ಅರವತ್ತೈದು, ಲೆಕ್ಕದಂತೆ ಓದು. ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಅದೇ ಫಾರ್ಮಿನಲ್ಲಿ ಕಾಯಂ ವಿಳಾಸ ಎಂಬಲ್ಲಿ ನಮ್ಮೂರಿದೆ, ಈಗಿನ ವಿಳಾಸ ಎಂಬಲ್ಲಿ ಪಿ.ಜಿ. ದಸರೆಗೆ ಊರಿಗೆ ಹೋದಾಗ ಅವ್ವನ ಸಾರು ಸಪ್ಪೆ ಎನ್ನಿಸಿ, ಚೂರು ಬೆಲ್ಲ ಹಾಕು ಎಂದುಬಿಟ್ಟೆ. ಅವ್ವ ನನ್ನ ಮುಖ ನೋಡಿದಳು. ವಾಪಸು ಬಂದ ಮರುದಿನ ಇಲ್ಲಿ, "ಹೌದ್ರಿ" ಎಂದು ಮತ್ತೆ ನಗಿಸಿಕೊಂಡೆ. ಎರಡನ್ನೂ ಆಯಾ ದಿನದ ಪುಟದಲ್ಲಿ ಬರೆದಿಟ್ಟಿದ್ದೇನೆ, ಕೂಡಿಸಿ ನೋಡಿಲ್ಲ.

ಲೆಕ್ಕ ಮುಗಿಯದಿರುವುದು ಒಂಬತ್ತು ಜನರದ್ದು. ನಾನು ಕೇಳುವಷ್ಟರಲ್ಲಿ ಅವರು ಕೆಲಸ ಬಿಟ್ಟಿದ್ದರು, ಫೋನ್ ಸಂಖ್ಯೆಗಳೂ ಬದಲಾಗಿವೆ. ಎಲ್ಲರೂ ಕುಷ್ಟಗಿ, ಸಿಂಧನೂರು, ಲಿಂಗಸೂರು ಸುತ್ತಿನವರು. ಅಂದರೆ ನಮ್ಮ ಕಡೆಯ ಈ ಪತ್ರಿಕೆ ಓದುವ ನಿಮ್ಮ ಓಣಿಯವರೇ. ಈಚೆಗೆ ಬೆಂಗಳೂರಿನ ಕಾವಲು ಕೆಲಸ ಬಿಟ್ಟು ಬಂದವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ, ಬಿಡುವಿದ್ದಾಗ ಅವರು ಏನು ಮಾಡುತ್ತಾರೆ ಎಂಬುದನ್ನು ನೋಡಿ ಸಂಪಾದಕರಿಗೆ ಒಂದು ಸಾಲು ಬರೆದು ತಿಳಿಸಿ. ಅವರ ಹೆಸರಿನ ಮುಂದೆ ಈಗಲೂ ನಾನು ಹಾಕಿದ್ದೇ ಇದೆ.