ನಾನು ಅಳಿಸಿದ ಉತ್ತರಗಳು

ಐದನೇ ತರಗತಿಯ ಸವಿತಾ ಬರೆದ ಸರಿಯುತ್ತರಗಳನ್ನು ನಾನೇ ರಬ್ಬರಿನಿಂದ ಅಳಿಸಿದೆ. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಒತ್ತಾಯಿಸಿರಲಿಲ್ಲ. ಅಳಿಸಿ, ಆಕೆಯ ಹೆಸರಿನ ಮುಂದೆ ಸೊನ್ನೆ ಬರೆದೆ.

ಆಗ ನಾನು ಭಾಲ್ಕಿ ತಾಲೂಕಿನಲ್ಲಿ, ಹಲಬರ್ಗಾ ದಾಟಿ ಹೋದರೆ ಸಿಗುವ ಒಂದು ಸಣ್ಣ ಊರಿನ ಶಾಲೆಯ ಶಿಕ್ಷಕಿ. ಆ ವರ್ಷ ಹೊಸ ಪದ್ಧತಿ ಬಂದಿತ್ತು. ಜೂನ್‌ನಲ್ಲಿ ಒಂದು ಪರೀಕ್ಷೆ, ಮಾರ್ಚ್‌ನಲ್ಲಿ ಇನ್ನೊಂದು. ಎರಡರ ನಡುವಿನ ಅಂತರವೇ ಮಗುವಿನ ಕಲಿಕೆಯ ಬೆಳವಣಿಗೆ. ಮಗು ಎಲ್ಲಿದೆ ಎಂದು ತಿಳಿದು ಅಲ್ಲಿಂದ ಕಲಿಸಲಿ ಎಂದು ಮಾಡಿದ್ದು. ನನಗೆ ಕಂಡದ್ದು ಮಾತ್ರ ಬೇರೆ — ಮೊದಲು ಎಷ್ಟು ಕೆಳಗಿಳಿಸಿದರೆ ಕೊನೆಗೆ ಅಷ್ಟು ಎತ್ತರ.

ಮಕ್ಕಳಿಗೆ ಹೇಳಿದೆ, "ಇವತ್ತು ಬಂದಿದ್ದು ಬರೀಬ್ಯಾಡ್ರಿ. ಖಾಲಿ ಬಿಡ್ರಿ." ಎಲ್ಲರೂ ಬಿಟ್ಟರು. ಸವಿತಾ ಬಿಡಲಿಲ್ಲ. ಕುರಿ ಕಾಯುವವರ ಮನೆಯ ಹುಡುಗಿ, ತರಗತಿಯಲ್ಲಿ ತಡವರಿಸದೆ ಓದುತ್ತಿದ್ದವಳು ಆಕೆಯೊಬ್ಬಳೇ. ಉತ್ತರಗಳನ್ನೆಲ್ಲ ಗುಂಡಗೆ ಬರೆದು, ಹೆಮ್ಮೆಯಿಂದ ಹಾಳೆ ಕೊಟ್ಟಳು.

ಸೊನ್ನೆ ಬಂದವರು ಅಕ್ಷರ ಕಲಿಯುವ ಗುಂಪಿನಲ್ಲಿ ಕೂರಬೇಕಿತ್ತು. ಮೇಲಧಿಕಾರಿಗಳು ಬಂದರೆ ಪಟ್ಟಿ ನೋಡುತ್ತಿದ್ದರು. ಹಾಗಾಗಿ ಇಡೀ ವರ್ಷ ಆಕೆಯಿಂದ ಅ, ಆ ತಿದ್ದಿಸಿದೆ. ಮೊದಮೊದಲು ಕೈಯೆತ್ತುತ್ತಿದ್ದಳು. ಆಮೇಲೆ ಎತ್ತುವುದನ್ನು ಬಿಟ್ಟಳು. ಅದೂ ನನಗೆ ಅನುಕೂಲವೇ ಆಯಿತು — ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಚಳಿಗಾಲದಲ್ಲಿ ಆಕೆಯ ಅಪ್ಪ ಮಾಳಪ್ಪ ಶಾಲೆಗೆ ಬಂದರು. ಕೈಯಲ್ಲಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಯ ಫಾರಂ.

"ಮೇಡಂರಿ, ಸವಿ ಮನ್ಯಾಗ ಪೇಪರ್ ಓದ್ತಾಳ್ರಿ. ಸಾಲ್ಯಾಗ ಅ ಆ ಯಾಕ ಬರೀಸ್ತೀರಿ? ಈ ಪರೀಕ್ಷಿಗಿ ಕೂಡಸ್ಲೇನ್ರಿ?"

ನಾನು ಪಟ್ಟಿ ತೆಗೆದು, ಸೊನ್ನೆಯ ಮೇಲೆ ಬೆರಳಿಟ್ಟೆ. "ನೋಡ್ರಿ, ಆಕಿಗಿ ಏನೂ ಬರಂಗಿಲ್ಲ. ಪೇಪರ್ ಬಾಯಿಪಾಠ ಮಾಡಿರ್ಬೇಕು."

ಓದು ಬಾರದ ಆ ಮನುಷ್ಯ ನನ್ನ ಬೆರಳನ್ನೇ ನೋಡಿದರು. ಫಾರಂ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೋದರು.

ಮಾರ್ಚ್‌ನಲ್ಲಿ ಸವಿತಾ ಪೂರ್ತಿ ಅಂಕ ತೆಗೆದಳು. ಬೀದರಿನ ಸಭಾಂಗಣದಲ್ಲಿ ನನಗೆ ಶಾಲು ಹೊದಿಸಿದರು. ಪರದೆಯ ಮೇಲಿನ ಬೆಳವಣಿಗೆಯ ಗೆರೆಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಆಕೆಯದು. ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದು ನಕ್ಕೆ — ಆ ನಗುವಿನ ಫೋಟೊ ಇನ್ನೂ ಮನೆಯ ಗೋಡೆಯ ಮೇಲಿದೆ.

ಪ್ರವೇಶ ಪರೀಕ್ಷೆಗೇ ಕೂರದ ಸವಿತಾಗೆ ವಸತಿ ಶಾಲೆ ಸಿಗಲಿಲ್ಲ. ಏಳನೇ ತರಗತಿಗೆ ಆಕೆಯ ಓದು ನಿಂತಿತು. ನಾನು ಬಡ್ತಿ ಪಡೆದು ಬೀದರಿಗೆ ಬಂದೆ, ಮುಖ್ಯಶಿಕ್ಷಕಿಯಾದೆ.

ಇದೆಲ್ಲ ಆಗಿ ಹತ್ತು ವರ್ಷ. ಈ ಜೂನ್‌ನಲ್ಲಿ ಹೊಸದಾಗಿ ಸೇರಿದ ಶಿಕ್ಷಕಿಯೊಬ್ಬಳು ನನ್ನ ಕೋಣೆಗೆ ಬಂದು ಸಹಜವಾಗಿ ಕೇಳಿದಳು: "ಮೇಡಂ, ಮೊದಲ್ನೇ ಪರೀಕ್ಷಿ ಖಾಲಿ ಬಿಡಸ್ಲೇನ್ರಿ? ನೀವು ಹಂಗೇ ಮಾಡ್ತಿದ್ರಂತ ಎಲ್ಲಾರೂ ಅಂತಾರ್ರಿ."

ಎಲ್ಲರಿಗೂ ಗೊತ್ತಿತ್ತು. ನನ್ನ ಹೊಲಸು ಕೆಲಸ ಈಗ ಒಂದು ವಿಧಾನವಾಗಿತ್ತು. "ಬರೆಯಲಿ, ಬಂದದ್ದನ್ನೆಲ್ಲ ಬರೆಯಲಿ," ಎಂದೆ. ಅಂದೇ ಇಲಾಖೆಗೆ ನಡೆದದ್ದನ್ನೆಲ್ಲ ಬರೆದು ಕೊಟ್ಟೆ. "ಹಳೇದು ಈಗ್ಯಾಕ್ರಿ ಮೇಡಂ," ಎಂದು ಅಧಿಕಾರಿ ಕಾಗದವನ್ನು ನನ್ನತ್ತಲೇ ಸರಿಸಿದರು. ನಾನು ಅದನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆ.

ಮರುದಿನ ಮಾಳಪ್ಪನವರ ಮನೆಗೆ ಹೋದೆ. ಕುರಿಗಳಿಗೆ ನೀರು ಕುಡಿಸುತ್ತಿದ್ದರು. ನಿಂತೇ ಎಲ್ಲವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟರು. ಬೈದಿದ್ದರೆ — ಬೈಯಲಿಲ್ಲ.

"ಅವತ್ತು ಮನಿಗಿ ಹೋಗಿ ಆಕಿಗಿ ಹೊಡದಿದ್ದೆನ್ರಿ," ಎಂದರು. "ಓದಾಕ ಬರ್ತದಂತ ಸುಳ್ಳು ಹೇಳ್ತಿ ಅಂತ. ಅಳಕೋತ ಮತ್ತ ಪೇಪರ್ ಓದಿ ತೋರಸ್ಯಾಳ್ರಿ. ನಾ ನಿಮ್ಮ ಮಾತೇ ಖರೇ ಅಂದೆ."

ಸವಿತಾ ಈಗ ಎಲ್ಲಿದ್ದಾಳೆಂದು ಕೇಳಿದೆ.

ಸವಿತಾ ಮದುವೆಯಾಗಿ ಔರಾದ್ ತಾಲೂಕಿನ ಎಕಂಬಾದಲ್ಲಿದ್ದಾಳೆ. ಭಾನುವಾರ ಹೋಗುತ್ತೇನೆ. ಆಕೆ ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ, ಓಣಿಯ ಜನ ಕೇಳಿದರೆ ಕೇಳಲಿ.