ಕತ್ತೆಕಿರುಬ ಹಚ್ಚಿದ ಗುರುತು

ನನ್ನ ಯಜಮಾನರು ಮೈಸೂರಿನ ಮೃಗಾಲಯದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಮಾತನಾಡಿಸಲು ಬಂದವರಲ್ಲಿ ಹಲವರು, "ಪಾಪ, ಅಷ್ಟು ವರ್ಷ ಆ ಹಾಳು ಪ್ರಾಣಿ ಜೊತೇಲೇ ಕಳೆದ್ಬುಟ್ರು" ಎಂದರು. ಒಂದು ಕಾಲಕ್ಕೆ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆಮೇಲೆ ಕಣ್ಣಾರೆ ಕಂಡದ್ದನ್ನು ಅವರಿಗೆ ಹೇಳಲು ಹೋದರೆ ಮಾತನ್ನು ಅರ್ಧಕ್ಕೇ ಬಿಟ್ಟು ಕಾಫಿ ಮಾಡಲು ಏಳುತ್ತೇನೆ. ಬರೆದರೆ ನಿಧಾನವಾಗಿಯಾದರೂ ಮುಗಿಸಬಹುದು.

ಅದು ಒಂದು ಹೆಣ್ಣು ಕತ್ತೆಕಿರುಬ. ತೊಂಬತ್ತರ ದಶಕದಲ್ಲಿ, ಉರುಳಿಗೆ ಸಿಕ್ಕಿ ಮುಂಗಾಲು ಊನವಾಗಿದ್ದ ಮರಿಯಾಗಿ ಬಂದದ್ದು. ಬಾಟಲಿ ಹಾಲು ಕುಡಿಸಿ ಸಾಕಿದವರು ಇವರೇ. ಹುಲಿಯ ಮುಂದೆ ಬಾಯಿ ಬಿಟ್ಟು ನಿಲ್ಲುವ ಜನ ಇದರ ಮುಂದೆ ಮೂಗು ಮುಚ್ಚಿಕೊಳ್ಳುತ್ತಿದ್ದರು. "ಹಿಂಗಾಲು ಮಾಡೋ ಹೊತ್ಗೆ ಬ್ರಹ್ಮಂಗೆ ಮಣ್ಣು ಮುಗ್ದೋಗಿತ್ತು ಕಣ್ರೀ" ಎಂದು ಒಬ್ಬರು ನಗಿಸಿದರೆ, ಗೋರಿ ಅಗೆದು ಹೆಣ ತಿನ್ನುತ್ತದೆ ಎಂದು ಇನ್ನೊಬ್ಬರು ಮಕ್ಕಳನ್ನು ಎಳೆದುಕೊಂಡು ಹೋಗುತ್ತಿದ್ದರು. ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಯಜಮಾನರ ದನಿಯಲ್ಲಿ ಸಿಟ್ಟಿರುತ್ತಿರಲಿಲ್ಲ. "ಸದ್ಯ, ಅವಳಿಗೆ ಕನ್ನಡ ಬರಲ್ಲ" ಎನ್ನುತ್ತಿದ್ದರು.

ನಮ್ಮದು ಲಿಂಗ ಕಟ್ಟಿಕೊಂಡ, ಮಾಂಸ ಮುಟ್ಟದ ಮನೆತನ. ಸಿದ್ಧಾರ್ಥನಗರದ ಬಾಡಿಗೆ ಮನೆಯ ಹಿತ್ತಲಲ್ಲಿ ಅವರಿಗೆಂದೇ ಬೇರೆ ಬಕೆಟ್ಟು, ಬೇರೆ ಒಲೆ ಇತ್ತು. ಕೆಲಸದಿಂದ ಬಂದವರು ಖಾಕಿ ಬಟ್ಟೆಯನ್ನು ಅಲ್ಲೇ ಬಿಚ್ಚಿ, ಸ್ನಾನ ಮಾಡಿ ಒಳಗೆ ಬರಬೇಕು. ಎಷ್ಟು ಉಜ್ಜಿದರೂ ಆ ಬಟ್ಟೆಯಲ್ಲೊಂದು ಗಾಢವಾದ ವಾಸನೆ ಉಳಿದೇಬಿಡುತ್ತಿತ್ತು. ಕೊಳೆತ ಮಾಂಸದ್ದೆಂದು ನಾನು ಉಸಿರು ಬಿಗಿಹಿಡಿದು ಒಗೆಯುತ್ತಿದ್ದೆ.

"ಲೋ, ಆನೆ ಕಡೆಗಾದ್ರೂ ಹಾಕಿಸ್ಕೊಳ್ಳೋ, ಒಸಿ ಪುಣ್ಯನಾದ್ರೂ ಬರುತ್ತೆ" ಎಂದು ಅತ್ತೆ ಗೊಣಗಿದರೆ, "ಆನೆಗೆ ಊರೇ ಅದೆ ಕಣವ್ವ, ಇವಳಿಗೆ ಯಾರವ್ರೆ?" ಎಂದು ನಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರಿಗೆ ಕಾಮಾಲೆಯಾಯಿತು. ಕಣ್ಣು, ಉಗುರು ಎಲ್ಲ ಹಳದಿ. ಆ ಬಟ್ಟೆಗಳಿಂದಲೇ ರೋಗ ಬಂತೆಂದು ನಾನು ತೀರ್ಮಾನಿಸಿಬಿಟ್ಟೆ. ಮೂರು ಜೊತೆ ಖಾಕಿ, ಟವೆಲ್ಲು, ಕೊನೆಗೆ ಅವರು ಹೆಗಲಿಗೆ ಹಾಕುವ ಚೀಲವನ್ನೂ ವಾಷಿಂಗ್ ಸೋಡಾ ಹಾಕಿ ಹಂಡೆಯಲ್ಲಿ ಕುದಿಸಿದೆ.

ಎರಡು ವಾರ ಕಳೆದ ಮೇಲೆ ಅವರ ಜೊತೆ ಕೆಲಸ ಮಾಡುವವರೊಬ್ಬರು ಬಂದರು. ಕತ್ತೆಕಿರುಬ ಎಂಟು ದಿನದಿಂದ ತಿಂದಿಲ್ಲ, ಮೂಲೆ ಬಿಟ್ಟು ಏಳುತ್ತಿಲ್ಲ, ಹೀಗೇ ಆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ ಎಂದರು.

"ಅಕ್ಕಾ, ಅಣ್ಣನ ಒಂದು ಶರ್ಟು ಕೊಡಿ. ಒಗೀದೆ ಇರೋದು. ನಾನು ತೊಟ್ಕೊಂಡು ಹೋಗಿ ನೋಡ್ತೀನಿ."

"ಎಲ್ಲಾ ಕುದಿಸ್ಬುಟ್ಟೆನಲ್ಲಪ್ಪ" ಎಂದೆ.

ಅವರು ತಲೆಯ ಮೇಲೆ ಕೈಯಿಟ್ಟುಕೊಂಡು ಜಗಲಿಯ ಮೇಲೆ ಕುಳಿತರು. ಮಾತು ಕೇಳಿಸಿ ಯಜಮಾನರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕತ್ತೆಕಿರುಬದ ಬಾಲದ ಕೆಳಗೆ ಚೀಲದಂಥದ್ದೊಂದು ಇರುತ್ತದಂತೆ. ಅದರೊಳಗಿನ ಹಳದಿ ಅಂಟನ್ನು ಹುಲ್ಲಿಗೆ, ಕಲ್ಲಿಗೆ ಹಚ್ಚಿ ತನ್ನ ಜಾಗವನ್ನು ಗುರುತು ಮಾಡುತ್ತದಂತೆ. ದಿನಾ ಬೆಳಿಗ್ಗೆ ಸರಳಿನ ಸಂದಿಯಿಂದ ಇವರ ತೋಳಿಗೂ ಹಚ್ಚುತ್ತಿತ್ತು.

"ನೀನು ಒಗೀತಿದ್ದದ್ದು ಮಾಂಸದ ನಾತ ಅಲ್ಲ ಕಣೇ" ಎಂದರು. "ಇವನು ನಮ್ಮೋನು ಅಂತ ಅವಳು ಹಾಕಿದ ಗುರುತು."

ಅಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀನು ಕೇಳ್ಲಿಲ್ವಲ್ಲ" ಎಂದರು.

ಮಾರನೆಯ ದಿನ ಮಂಗಳವಾರ. ಮೃಗಾಲಯಕ್ಕೆ ರಜೆ. ಆಟೋದಲ್ಲಿ ಅವರನ್ನು ಒರಗಿಸಿಕೊಂಡು ನಾನೂ ಹೋದೆ. ಬೋನಿನ ಹಿಂದೆ ಕಿರಿದಾದ ಓಣಿ. ಅಲ್ಲಿ ನಿಂತು "ಬಾ ತಾಯಿ" ಎಂದರು.

ಕತ್ತಲಲ್ಲಿ ಅದು ಎದ್ದಿತು. ಕತ್ತಿನಿಂದ ಬಾಲದವರೆಗೆ ಕೂದಲು ನಿಮಿರಿ, ನೋಡುತ್ತಿದ್ದಂತೆಯೇ ಎರಡರಷ್ಟು ದೊಡ್ಡದಾಯಿತು. ಅದರ ಗುರುಗುಟ್ಟುವಿಕೆ ನನ್ನ ಅಂಗಾಲಿಗೆ ತಾಗಿತು. ದನಿ ಅವರದು, ಮೈಯಲ್ಲಿ ಮಾತ್ರ ಸ್ನಾನದ ಬೇವಿನ ನೀರು, ಬಟ್ಟೆಯ ಸೋಡಾ ಇವುಗಳ ವಾಸನೆ. ಅದಕ್ಕೆ ನಂಬಿಕೆ ಬರಲಿಲ್ಲ.

ಯಜಮಾನರು ನೆಲದ ಮೇಲೆ ಕುಳಿತು, ಅಂಗೈಯನ್ನು ಸರಳಿನ ಹತ್ತಿರ ಇಟ್ಟರು. "ಹುಷಾರಿರ್ಲಿಲ್ಲ ಕಣವ್ವ. ಇಲ್ಲಿ ನಿಂತವ್ಳಲ್ಲ, ಇವಳು ಬರೀ ಮಜ್ಜಿಗೆ ಅನ್ನ ಹಾಕಿ ಸಾಯಿಸ್ತಾವ್ಳೆ. ನೀನೂ ಉಪವಾಸ, ನಾನೂ ಉಪವಾಸ."

ತುಂಬಾ ಹೊತ್ತು ಹೀಗೆಯೇ ಮಾತನಾಡಿದರು. ಅದು ಕುಂಟುತ್ತಾ ಬಂದು ಬೆರಳುಗಳನ್ನು ಒಂದೊಂದಾಗಿ ಮೂಸಿತು. ಎಮ್ಮೆಯ ತೊಡೆಮೂಳೆ ಪುಡಿ ಮಾಡುವ ಬಾಯಿ ಅದು. ನಿಮಿರಿದ್ದ ಕೂದಲು ನಿಧಾನವಾಗಿ ಬೆನ್ನಿನ ಮೇಲೆ ಮಲಗಿತು. ಆಮೇಲೆ ಅದು ಹಿಂತಿರುಗಿ, ಬಾಲವೆತ್ತಿ, ಸರಳಿಗೂ ಅವರ ಕೈಗೂ ಸೇರಿಸಿ ಒರೆಸಿತು. ಬೆರಳಿನ ಮೇಲೆ ಹಳದಿ ಗೆರೆ. ಓಣಿಯೆಲ್ಲ ನನಗೆ ಗೊತ್ತಿದ್ದ ಆ ವಾಸನೆ. ಉಸಿರು ಬಿಗಿಹಿಡಿಯಬೇಕೆಂದು ಅವತ್ತು ಅನಿಸಲಿಲ್ಲ.

ಹಿಂದಿನ ದಿನ ಮನೆಗೆ ಬಂದಿದ್ದ ಜೊತೆಯವರು ತಂದಿಟ್ಟಿದ್ದ ಮೂಳೆಯನ್ನು ಯಜಮಾನರು ಒಳಗೆ ತಳ್ಳಿದರು. ಒಣ ಸೌದೆ ಮುರಿದಂಥ ಸದ್ದು ಕೇಳಿತು. ಇನ್ನೊಂದು. ಜೊತೆಯವರು ಡಾಕ್ಟರಿಗೆ ಹೇಳಲು ಓಡಿದರು.

ಅದು ತಿಂದು ಮುಗಿಸುವಷ್ಟರಲ್ಲಿ ಯಜಮಾನರು ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಕತ್ತೆಕಿರುಬ ಸರಳಿನ ಆ ಕಡೆ, ಅವರ ಪಕ್ಕಕ್ಕೇ ಬಂದು ಮಲಗಿ ನನ್ನ ಕಡೆ ನೋಡಿತು. "ಆಟೋ ಕಾಯ್ತಾ ಅದೆ, ಎಬ್ಬಿಸ್ಲಾ ಅಕ್ಕಾ?" ಎಂದು ಹಿಂತಿರುಗಿ ಬಂದವರು ಕೇಳಿದರು. ಬೇಡವೆಂದು ಕೈಸನ್ನೆ ಮಾಡಿ ನಾನೂ ನೆಲದ ಮೇಲೆ ಕುಳಿತೆ. ಅವರು ಏಳುವವರೆಗೆ ಸರಳಿನ ಆ ಕಡೆ ಅವಳು, ಈ ಕಡೆ ನಾನು, ಇಬ್ಬರೂ ಕಾದೆವು.